ತುಕ್ಕು ಮೊಳೆ ಮತ್ತು ಎಡಗಾಲಿನ ಚಪ್ಪಲಿ

ನಮ್ಮ ಮನೆ ದಾವಣಗೆರೆಯಲ್ಲಿ. ಮಹಡಿ ಮೇಲಿನ ಕೋಣೆಯಲ್ಲಿ ಕೂತು ಕೈಯಲ್ಲೇ ಹೊಲಿದ ಚರ್ಮದ ಬ್ಯಾಗು, ಬೆಲ್ಟು, ಚಪ್ಪಲಿಗಳ ಒಂದು ಕಲೆಕ್ಷನ್ ಶುರು ಮಾಡಿದೆ. ಥೀಮು, ಹಳೇ ಕಾಲದ ಮಾಟಗಾತಿಯರು. ಅಮ್ಮನಿಗೆ ಮಾತ್ರ 'ಫಾರಿನ್ ಡಿಸೈನು' ಅಂತ ಹೇಳಿದ್ದೆ.

ಬ್ಯಾಗಿನ ಡಿಸೈನು ಸಲೀಸಾಗಿ ಸಿಕ್ಕಿತು. ಇಂಗ್ಲೆಂಡಿನ ಹಳೇ ಮನೆಗಳ ಬಾಗಿಲು, ತೊಲೆಗಳ ಮೇಲೆ ಕೈವಾರದಲ್ಲಿ ಗೀಚಿದ ಆರೆಸಳಿನ ಹೂವು ಇರುತ್ತದೆ. ಮಾಟ ಒಳಗೆ ಬರದಿರಲಿ ಅಂತ ಗೀಚುತ್ತಿದ್ದರಂತೆ. ಜಾಮಿಟ್ರಿ ಬಾಕ್ಸ್ ಕೈಗೆ ಬಂದ ದಿನ ನಾವೆಲ್ಲ ಬಿಡಿಸಿದ್ದೂ ಅದೇ ಹೂವು ಅಲ್ವಾ? ನನ್ನ ಡೆಸ್ಕಿನ ಮೇಲೂ ಇತ್ತು. ಗಣಿತದ ಟೀಚರ್ ಮಾತ್ರ ಬರೋದು ನಿಲ್ಲಿಸಲಿಲ್ಲ. ಅದೇ ಕಾರಣಕ್ಕೆ ಅಲ್ಲಿನವರು ಗೋಡೆಯೊಳಗೆ ಹಳೇ ಒಂಟಿ ಶೂ ಕೂಡ ಬಚ್ಚಿಡುತ್ತಿದ್ದರಂತೆ. ಹಾಗಾಗಿ ಚಪ್ಪಲಿಯೂ ಲಿಸ್ಟಿಗೆ ಸೇರಿತು.

ಎಡವಟ್ಟಾಗಿದ್ದು ಕಪ್ಪು ಬಣ್ಣದಲ್ಲಿ. ಮರದ ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಬಣ್ಣ ಕೊಳ್ಳಬೇಕಿಲ್ಲ. ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿ, ಆ ನೀರು ಸವರಿದರೆ ಸಾಕು. ತೊಗಟೆಯ ಒಗರಿಗೆ ಕಬ್ಬಿಣ ಸೇರಿ ಚರ್ಮ ಕಪ್ಪಾಗುತ್ತದೆ. ಅಮ್ಮನ ಉಪ್ಪಿನಕಾಯಿ ಜಾಡಿ ಕದ್ದು ಎರಡು ಹಿಡಿ ಮೊಳೆ ಹಾಕಿ ಮಾಳಿಗೆ ಮೇಲಿಟ್ಟೆ. ಗಾಳಿ ಆಡಬೇಕಲ್ಲ, ಮುಚ್ಚಳದ ಬದಲು ಬಟ್ಟೆ ಹುಡುಕಿದೆ. ಸಿಕ್ಕಿದ್ದು ಕೆಂಪು ಬ್ಲೌಸ್ ಪೀಸು. ಅದನ್ನು ಕಟ್ಟಿದ್ದು, ಚಪ್ಪಲಿ ಹೊಲಿಯಲು ಮೇಣ ತಿಕ್ಕಿಟ್ಟಿದ್ದ ಕರಿದಾರದಲ್ಲಿ. ಅವತ್ತು ಅಮಾವಾಸ್ಯೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಎದುರುಮನೆ ಅಜ್ಜಿಗೆ ಗೊತ್ತಿತ್ತು. ಸಂಡಿಗೆ ಒಣಗಿಸಲು ಮಾಳಿಗೆ ಹತ್ತಿದವರು ಜಾಡಿ ನೋಡಿದರು. ಎರಡು ದಿನ ಬಿಟ್ಟು ನಮ್ಮ ಮನೆಗೇ ಬಂದರು.

"ಎಷ್ಟು ಕಡೆದ್ರೂ ಬೆಣ್ಣೆನೇ ಬರ್ತಿಲ್ಲವಾ."

ನನ್ನ ಎದೆ ಧಸಕ್ಕೆಂದಿತು. ಯೂರೋಪಿನಲ್ಲಿ ಎಷ್ಟೋ ಹೆಂಗಸರ ಮೇಲಿದ್ದ ದೂರು ಇದೇ, ಇವಳಿಂದ ಬೆಣ್ಣೆ ಬರಲಿಲ್ಲ ಅಂತ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೆ ಹಾಕಿದ್ದರು. ಅದೂ ಬೆಣ್ಣೆ ದೋಸೆಯ ಊರಲ್ಲಿ ಈ ಆಪಾದನೆ ಹೊತ್ತು ಬದುಕೋದುಂಟಾ?

ಅಜ್ಜಿಯನ್ನು ಮೇಲೆ ಕರೆದೊಯ್ದೆ. ಒಂದು ಚೂರು ಚರ್ಮದ ಮೇಲೆ ಬ್ರಷ್ ಎಳೆದು, "ನೋಡಿ ಅಜ್ಜಿ, ಸುಮ್ನೆ ಬಣ್ಣ" ಅಂದೆ. ಕಂದು ಚರ್ಮ ನೋಡನೋಡುತ್ತಲೇ ಕರ‍್ರಗಾಯ್ತು. "ಅಯ್ಯೋ ದುಗ್ಗಮ್ಮಾ!" ಅಂತ ಅಜ್ಜಿ ಗೋಡೆ ಹಿಡಿದುಕೊಂಡರು.

ಕೊನೆಗೆ ನನ್ನನ್ನು ಉಳಿಸಿದ್ದು ಅಮ್ಮ. ವಿಚಾರಿಸಿದರೆ, ಡಯಟ್ ಹಿಡಿದಿದ್ದ ಅಜ್ಜಿಯ ಮೊಮ್ಮಗ ಒಂದು ವಾರದಿಂದ ಕೆನೆ ತೆಗೆದ ಹಾಲಿನ ಪ್ಯಾಕೆಟ್ ತರುತ್ತಿದ್ದ!

ಅಜ್ಜಿ ಮುಖ ಸಡಿಲಾಯಿತು. ಅಷ್ಟರಲ್ಲಿ ಅವರ ಕಣ್ಣು ನನ್ನ ಚಪ್ಪಲಿ ಮೇಲೆ ಬಿತ್ತು. ದಬ್ಬಳ ಚುಚ್ಚಿಸಿಕೊಂಡು ನಾಲ್ಕು ದಿನ ಹೊಲಿದದ್ದು.

"ಇದನ್ನ ನನಗೆ ಕೊಡವಾ."

"ಎಡಗಾಲಿಂದು ಮಾತ್ರ ಆಗಿದೆ ಅಜ್ಜಿ."

"ಒಂದೇ ಸಾಕು. ಮೊಮ್ಮಗ ಹೊಸ ಲಾರಿ ತಗಂಡಾನೆ, ದೃಷ್ಟಿ ಆಗಬಾರ್ದು ನೋಡು, ಹಿಂದೆ ಕಟ್ಟಾಕೆ." ತಿರುಗಿಸಿ ಮುರುಗಿಸಿ ನೋಡಿದರು. "ತೀರಾ ಹೊಸದೈತೆ. ಎರಡು ದಿನ ಹಾಕ್ಕಂಡು ಓಡಾಡಿ ಕೊಡು."