ಗಾಳಿ ಗದಗಿಂದು, ಬರ್ಗರ್ ಹುಬ್ಬಳ್ಳಿಂದು

ಹುಬ್ಬಳ್ಳಿಯಲ್ಲಿ ಈಗ ಬರ್ಗರ್ ತಿಂದರೂ ಭೂಮಿ ತಣ್ಣಗಾಗುತ್ತದಂತೆ. ಹೇಳುವುದು ಬರ್ಗರ್ ಅಂಗಡಿಯ ಗೋಡೆ: ಒಂದು ಹಸಿರು ಎಲೆಯ ಚಿತ್ರ, ಕೆಳಗೆ ‘2050ಕ್ಕೆ ನೆಟ್ ಝೀರೋ’, ಅಂದರೆ ಬಿಟ್ಟ ಹೊಗೆಗೂ ಹೀರಿಸಿದ ಹೊಗೆಗೂ ಲೆಕ್ಕ ಸರಿ. ಅಷ್ಟೊತ್ತಿಗೆ ಬೋರ್ಡು ಹಚ್ಚಿಸಿದ ಮ್ಯಾನೇಜರ್ ಪೆನ್ಷನ್ ಎಣಿಸುತ್ತಿರುತ್ತಾನೆ, ಅಂಗಡಿಯ ಲೀಸೂ ಮುಗಿದಿರುತ್ತದೆ. ಅವಸರವೇನಿಲ್ಲ.

ಗುರಿ ಹಾಕಿಕೊಳ್ಳುವ ವಿದ್ಯೆಯನ್ನು ದೊಡ್ಡವರಿಂದಲೇ ಕಲಿಯಬೇಕು. ಮೆಕ್‌ಡೊನಾಲ್ಡ್ಸ್ 2018ರಲ್ಲಿ ಎರಡು ಗುರಿ ಘೋಷಿಸಿತ್ತು. 2015ಕ್ಕೆ ಹೋಲಿಸಿದರೆ 2030ರೊಳಗೆ ಅಂಗಡಿ, ಆಫೀಸುಗಳ ಹೊಗೆ ಶೇ. 36ರಷ್ಟು ಇಳಿಕೆ, ಪೂರೈಕೆಯ ಕಡೆ, ಟನ್ ಆಹಾರಕ್ಕೆ ಶೇ. 31ರಷ್ಟು ಇಳಿಕೆ. ಎರಡನೆಯದು ಕೈಚಳಕದ ಕೆಲಸ. ನೂರು ಟನ್ ಮಾರಿ ನೂರು ಪಾಲು ಹೊಗೆ ಬಿಡುವವನು ಟನ್ನಿಗೆ ಶೇ. 31 ಇಳಿಸಿದ ಅನ್ನಿ. ವ್ಯಾಪಾರ ಕುದುರಿ ನೂರೈವತ್ತು ಟನ್ ಮಾರಿದರೆ ಹೊಗೆ 103.5 ಪಾಲು. ಗುರಿ ಮುಟ್ಟಿತು, ಶಾಲು ಹೊದಿಸಿದ್ದಾಯಿತು, ಹೊಗೆಯೂ ಹೆಚ್ಚಾಯಿತು!

ಕರೆಂಟಿನದು ಇನ್ನೂ ಸಲೀಸು. ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಗಾಳಿಯಂತ್ರ ತಿರುಗುತ್ತವೆ. ಅಂಥ ಕರೆಂಟಿನ ಹೆಸರಲ್ಲಿ ಪ್ರಮಾಣಪತ್ರ ಮಾರಾಟಕ್ಕಿರುತ್ತದೆ. ಅದನ್ನು ಕೊಂಡರೆ ಗೋಕುಲ ರಸ್ತೆಯ ಎಸಿ ಕಾಗದದ ಮೇಲೆ ಗಾಳಿಯಿಂದಲೇ ನಡೆಯುತ್ತದೆ. ತಂತಿಯಲ್ಲಿ ಬರುವುದು ಮಾತ್ರ ಹೆಸ್ಕಾಂನ ಅದೇ ಕರೆಂಟು, ಕಲ್ಲಿದ್ದಲಿನದೂ ಬೆರೆತದ್ದು. ಅದು ಹೋದ ಕೂಡಲೇ ಹಿತ್ತಲ ಜನರೇಟರ್ ಗುರ್ ಅನ್ನುತ್ತದೆ. ಒಂದು ಲೀಟರ್ ಡೀಸೆಲ್‌ಗೆ 2.68 ಕೆಜಿ ಇಂಗಾಲದ ಡೈಆಕ್ಸೈಡ್, ಹುಟ್ಟುವ ಕರೆಂಟು ಮೂರು ಯೂನಿಟ್ ಚಿಲ್ಲರೆ. ಆ ಗೋಡೆಗೆ ಎಲೆ ಬರೆಸಿಲ್ಲ.

ಪ್ಲಾಸ್ಟಿಕ್ ಸ್ಟ್ರಾ ಹೋಗಿ ಕಾಗದದ್ದು ಬಂತು, ಅರ್ಧ ಜ್ಯೂಸಿಗೇ ಅದು ಮೆತ್ತಗಾಗುತ್ತದೆ. ಬ್ರಿಟನ್ನಿನಲ್ಲಿ ಇದೇ ಬದಲಾವಣೆ ಮಾಡಿದ ಮೆಕ್‌ಡೊನಾಲ್ಡ್ಸ್, ಕಾಗದದ ಸ್ಟ್ರಾ ದಪ್ಪವಾದ್ದರಿಂದ ಮರುಬಳಕೆಗೆ ಬಾರದು ಎಂದು 2019ರಲ್ಲಿ ಒಪ್ಪಿಕೊಂಡಿತು. ಹಳೇ ಪ್ಲಾಸ್ಟಿಕ್‌ದು ಬರುತ್ತಿತ್ತು.

ಇರಲಿ, ಸ್ಟ್ರಾ ಸಣ್ಣ ಮಾತು. ದೊಡ್ಡದು ಅಡುಗೆಮನೆಯ ಹಿಂದಿನ ಕೋಲ್ಡ್ ರೂಮಿನಲ್ಲಿದೆ. ಫ್ರೈಸು, ಪ್ಯಾಟಿಗಳನ್ನು ಮೈನಸ್ 18 ಡಿಗ್ರಿಯಲ್ಲಿಡುವ ಇಂಥ ಯಂತ್ರಗಳಲ್ಲಿ ತಂಪು ಮಾಡಲು ಆರ್-404ಎ ಎಂಬ ಗ್ಯಾಸ್ ಸಾಮಾನ್ಯ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 3,922 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಐದು ಕೆಜಿ ಸೋರಿದರೆ ಹತ್ತೊಂಬತ್ತೂವರೆ ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಅಡುಗೆ ಗ್ಯಾಸಿನ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಸುಮಾರು 340 ಉರಿಸಿದಷ್ಟು. ಹೊಗೆ ಕಾಣುವುದಿಲ್ಲ, ವಾಸನೆಯೂ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಸೋರುವುದು ಹೇಗೆ? ಕಂಪ್ರೆಸರ್ ಅದುರಿ ಅದುರಿ, ಬಾಯಿ ಅರಳಿಸಿದ (ಫ್ಲೇರ್ ಮಾಡಿದ) ಪೈಪನ್ನು ಬಿಗಿಹಿಡಿಯುವ ಫ್ಲೇರ್ ನಟ್ ಸಡಿಲಾಗುತ್ತದೆ. ಗ್ಯಾಸಿನ ಜೊತೆ ಎಣ್ಣೆ ಜಿನುಗಿ ಜಾಯಿಂಟಿಗೆ ಧೂಳು ಮೆತ್ತಿಕೊಂಡು ಕಪ್ಪು ಕಲೆ ಬೀಳುತ್ತದೆ. ಕಣ್ಣಿದ್ದವರಿಗೆ ಅಷ್ಟು ಸಾಕು. ಸರಿಯಾದ ಕ್ರಮವೆಂದರೆ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು, ಒಣ ನೈಟ್ರೋಜನ್ ಒತ್ತಡ ಕೊಟ್ಟು ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಬೇಕು, ಅಲ್ಲಿ ಹೊಸದಾಗಿ ಫ್ಲೇರ್ ಮಾಡಬೇಕು ಇಲ್ಲವೇ ಬ್ರೇಜಿಂಗ್ ಎಂಬ ಬೆಸುಗೆ ಹೊಡೆಯಬೇಕು, ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು (ವ್ಯಾಕ್ಯೂಮ್) ತಕ್ಕಡಿಯಲ್ಲಿ ತೂಗಿ ತುಂಬಬೇಕು. 404ಎ ಹಲವು ಗ್ಯಾಸುಗಳ ಮಿಶ್ರಣವಾದ್ದರಿಂದ, ಪಾಲು ಏರುಪೇರಾಗದಂತೆ ತುಂಬುವುದು ದ್ರವವಾಗಿಯೇ. ಇದಕ್ಕೆಲ್ಲ ಕೋಲ್ಡ್ ರೂಮ್ ಬಂದ್ ಮಾಡಿ ಮಾಲು ಬೇರೆ ಕಡೆ ಸಾಗಿಸಬೇಕು. ಶನಿವಾರ ಸಂಜೆ ಯಾರು ಒಪ್ಪುತ್ತಾರೆ? ಮೆಕ್ಯಾನಿಕ್ ಸೋರಿಕೆ ಮುಟ್ಟದೆ ಮೇಲಿಂದ ಗ್ಯಾಸ್ ತುಂಬಿ ಮ್ಯಾನೇಜರ್‌ಗೆ ಹೇಳುತ್ತಾನೆ:

“ಗ್ಯಾಸ್ ಹೊಡದೇನ್ರೀ ಸರ, ಎರಡ ತಿಂಗಳಾ ನಡೀತೈತಿ.”

“ಸಾಕ್ ಬಿಡಪಾ, ಬಿಲ್ ಮೇಂಟೆನೆನ್ಸಿನ್ಯಾಗ ಬರಿ.”

ಎರಡು ತಿಂಗಳಿಗೆ ಮತ್ತೆ ಅದೇ ನಟ್ಟು, ಅದೇ ಬಿಲ್ಲು.

ಚೀಸಿನ ಕಥೆಯೂ ಅಷ್ಟೇ. ಒಂದು ಕೆಜಿಗೆ ಹತ್ತು ಲೀಟರಿನಷ್ಟು ಹಾಲು, ಹಾಲಿನ ಹಿಂದೆ ದನದ ತೇಗು, ತೇಗಿನಲ್ಲಿ ಮೀಥೇನ್. (ಫೇಡೆಯವರು ನಗಬೇಕಿಲ್ಲ, ಧಾರವಾಡಿ ಎಮ್ಮೆಯೂ ತೇಗುತ್ತದೆ. ಅದು ಗೋಡೆಗೆ ಎಲೆ ಬರೆಸಿಕೊಂಡಿಲ್ಲ, ಅಷ್ಟೇ.) ಆದರೂ ಪ್ರಚಾರವೆಲ್ಲ ಸ್ಟ್ರಾಕ್ಕೆ, ಆಫರ್ ಎಲ್ಲ ‘ಎಕ್ಸ್‌ಟ್ರಾ ಚೀಸ್’ಗೆ.

ಜೂನ್ 5ಕ್ಕೆ, ಪರಿಸರ ದಿನಕ್ಕೆ, ಕಾಂಬೋ ಜೊತೆ ಒಂದು ಸಸಿಯನ್ನೂ ಕೈಗಿಡುತ್ತಾರೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ಅದನ್ನು ಬಿಟ್ಟು ಕೋಲ್ಡ್ ರೂಮಿನ ಲಾಗ್‌ಬುಕ್ ಕೇಳಿ ನೋಡಿ: ಈ ವರ್ಷ ಎಷ್ಟು ಕೆಜಿ ಗ್ಯಾಸ್ ತುಂಬಿಸಿದ್ರಿ? ಹಳೇ ಯಂತ್ರಕ್ಕೆ ಮೇಲಿಂದ ತುಂಬಿದ್ದೆಲ್ಲ ಸೋರಿದ್ದರ ಲೆಕ್ಕವೇ.

“ಅದೆಲ್ಲಾ ಹೆಡ್ ಆಫೀಸಿನ್ಯಾಗ ಇರತೈತ್ರಿ. ಕೋಕ್ ಮೀಡಿಯಮ್ಮೋ, ಲಾರ್ಜೋ?”