ಡ್ರಾಪ್ ಬೇರ್ ಅನ್ನೋ ಪ್ರಾಣಿ ಇಲ್ಲ, ಆ ಸಂದೇಶ ಕಳಿಸಬೇಡಿ

ಆಸ್ಟ್ರೇಲಿಯಾಕ್ಕೆ ಹೊರಟವರಿಗೆ ಒಂದು ಎಚ್ಚರಿಕೆ ಹರಿದಾಡುತ್ತಿದೆ. ಕೋಆಲಾ ತರಹದ ‘ಡ್ರಾಪ್ ಬೇರ್’ ಮರದಿಂದ ತಲೆ ಮೇಲೆ ಬಿದ್ದು ಕಚ್ಚುತ್ತದಂತೆ, ಕಿವಿ ಹಿಂದೆ ವೆಜಿಮೈಟ್ (ಅಲ್ಲಿನವರು ಬ್ರೆಡ್ಡಿಗೆ ಹಚ್ಚುವ ಕಪ್ಪು ಉಪ್ಪು ಪೇಸ್ಟ್) ಹಚ್ಚಿಕೊಂಡರೆ ಹತ್ತಿರ ಬರಲ್ಲವಂತೆ. ಇದು ನಿಜವಲ್ಲ. ಅಂಥ ಪ್ರಾಣಿಯೇ ಇಲ್ಲ.

ಹೊರಗಿನಿಂದ ಬಂದವರಿಗೆ ಒಂಚೂರೂ ನಗದೆ ಹೇಳುವ ಅಲ್ಲಿನವರ ಹಳೇ ತಮಾಷೆ ಇದು. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ವೆಬ್‌ಸೈಟಿನಲ್ಲೂ ಇದರ ಪುಟವಿದೆ, ‘ಥೈಲಾರ್ಕ್ಟಾಸ್ ಪ್ಲಮ್ಮೆಟಸ್’ ಎಂಬ ವೈಜ್ಞಾನಿಕ ಹೆಸರಿನ ಸಮೇತ. ಅದನ್ನು ಪುರಾವೆ ಅಂದುಕೊಳ್ಳಬೇಡಿ, ಆ ಪುಟವೂ ತಮಾಷೆಗೇ ಬರೆದದ್ದು. ನಿಜವಾದ ಕೋಆಲಾ ನೀಲಗಿರಿ ಎಲೆ ತಿಂದು ದಿನದ ಜಾಸ್ತಿ ಹೊತ್ತು ನಿದ್ದೆ ಮಾಡುತ್ತದೆ.

ಮೇಲಿಂದ ಎರಗುವ ಮ್ಯಾಗ್‌ಪೈ ಹಕ್ಕಿ ಮಾತ್ರ ನಿಜ. ಸೆಪ್ಟೆಂಬರ್ ಆಸುಪಾಸಿನಲ್ಲಿ ಗೂಡು ಕಾಯುವ ಕೆಲವು ಗಂಡು ಹಕ್ಕಿಗಳು ಸೈಕಲ್ ಸವಾರರ ಮೇಲೆ ಬೀಳುತ್ತವೆ. ಹೆಲ್ಮೆಟ್ ತುಂಬ ಮುಳ್ಳಿನಂತೆ ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ (ಕೇಬಲ್ ಟೈ) ಕಟ್ಟಿಕೊಂಡವರು ಕಂಡರೆ ಕಾರಣ ಅದೇ. ಬೀಚಿನಲ್ಲಿ ಜೀವರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆಯೇ ಈಜಿ ಅನ್ನುವುದನ್ನೂ ದಯವಿಟ್ಟು ನಂಬಿ. ಸಮುದ್ರದ ಸೆಳೆತಕ್ಕೆ ಅಲ್ಲಿ ಪ್ರತಿ ವರ್ಷ ಜೀವ ಹೋಗುತ್ತದೆ.

ಸುಳ್ಳು-ನಿಜ ಬೆರೆತರೆ ಬೇಕಾದ ಎಚ್ಚರಿಕೆಯನ್ನೂ ಜನ ನಂಬಲ್ಲ, ಅಲ್ವಾ? ಡ್ರಾಪ್ ಬೇರ್ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಿ, ಫಾರ್ವರ್ಡ್ ಮಾಡಬೇಡಿ.