ಮೊದ್ಲು ಪ್ಲಾನಿಂಗ್ ಸರಿ ಮಾಡ್ಲಿ
ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮುಂದಿನ ಮ್ಯಾನೇಜರ್, ಅಂದ್ರೆ ಮುಖ್ಯ ಕೋಚ್ ಯಾರು ಅಂತ ನಿಮ್ಮ ಲೇಖನದಲ್ಲಿ ದೊಡ್ಡ ಪಟ್ಟಿ ಹಾಕಿದೀರಲ್ಲ, ಓದಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ ಗುರೂ. 2013ರಲ್ಲಿ ಹಳೇ ಮ್ಯಾನೇಜರ್ ಫರ್ಗುಸನ್ ಹೋದ್ಮೇಲೆ ಆ ಜಾಗಕ್ಕೆ ಬಂದ ಮೊಯೆಸ್, ವಾನ್ ಗಾಲ್, ಮೊರಿನ್ಯೊ ಎಲ್ರಿಗೂ ಇದೇ ಬಿಲ್ಡಪ್ ಕೊಟ್ಟಿದ್ದು. ಆಮೇಲೆ ಮ್ಯಾನೇಜರ್ ಆಗಿದ್ದ ಟೆನ್ ಹಾಗ್ ಕಥೆನೇ ನೋಡಿ, 2024 ಮೇನಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಟೂರ್ನಿ ಗೆದ್ದ, ಜುಲೈನಲ್ಲಿ ಕಾಂಟ್ರ್ಯಾಕ್ಟ್ ಮುಂದುವರ್ಸಿ ಹೊಸ ಪ್ಲೇಯರ್ಸ್ ಮೇಲೆ ದುಡ್ಡು ಸುರಿದು ಅಕ್ಟೋಬರ್‌ನಲ್ಲಿ ಮನೆಗೆ ಕಳ್ಸಿದ್ರು, ಇದ್ಯಾವ ಸೀಮೆ ಪ್ಲಾನಿಂಗು? ಆಮೇಲೆ ಸೀಸನ್ ಮಧ್ಯದಲ್ಲಿ ಅಮೊರಿಮ್‌ನ ಮ್ಯಾನೇಜರ್ ಆಗಿ ತಂದು, ನಾಲ್ಕು ಡಿಫೆಂಡರ್ ಆಟಕ್ಕೆ ಅಂತ ತಗೊಂಡಿದ್ದ ಟೀಮ್‌ನ ಮೂರು ಸೆಂಟರ್ ಬ್ಯಾಕ್ (ಮಧ್ಯದ ಡಿಫೆಂಡರ್) ಇಟ್ಟು ಆಡ್ಸಿ ಪ್ರೀಮಿಯರ್ ಲೀಗಲ್ಲಿ 15ನೇ ಸ್ಥಾನ, ಸಾಲ್ದು ಅಂತ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟನ್‌ಹ್ಯಾಮ್ ಕೈಲೂ ಸೋಲು. ಕ್ಲಬ್ ಮಾಲೀಕರು ಗ್ಲೇಜರ್ಸ್ ಇರೋವರ್ಗೂ ಯಾರು ಬಂದ್ರೂ ಅಷ್ಟೇ. ದೊಡ್ಡ ಹೆಸ್ರು ಬೇಡ ಸ್ವಾಮಿ, ಮಿಡ್‌ಫೀಲ್ಡಲ್ಲಿ ಓಡೋಕೆ ಕಾಲಲ್ಲಿ ಕಸುವಿರೋ ಇಬ್ರನ್ನ ತನ್ನಿ ಸಾಕು.